ಕೊರೆತ

(ಬೆಂಗಳೂರಿನ ಅರಮನೆ ಮೈದಾನ. 2001ರಲ್ಲಿ ‘ಬೆಂಗಳೂರು ಬಯೋ’ ಆಗಿ ಹುಟ್ಟಿ, 2017ರಲ್ಲಿ ಐಟಿ ಮೇಳದ ಜೊತೆ ಸಂಸಾರ ಹೂಡಿ ‘ಟೆಕ್ ಸಮಿಟ್’ ಆದ ಸಮಾವೇಶ. ಊಟದ ಶಾಮಿಯಾನದ ಹಿಂದೆ ಉಡುಪಿಯ ಅಡುಗೆ ಭಟ್ಟರು ಬದನೆ ಹೆಚ್ಚುತ್ತಿದ್ದಾರೆ. ಕೊರಳಲ್ಲಿ ಬ್ಯಾಡ್ಜ್ ತೂಗಿಸಿಕೊಂಡು ಅಳಿಯನ ಪ್ರವೇಶ.)

ಭಟ್ಟರು: ಬೆಳಿಗ್ಗೆಯಿಂದ ಒಳಗೆ ಎಂತ ನಡೀತು ಮಾರಾಯ?

ಅಳಿಯ: ಕೊರೆತ ಮಾವ. ಕೊನೆಗೊಂದು ಒಡಂಬಡಿಕೆಗೆ ಸಹಿ.

ಭಟ್ಟರು: ಎಂತಕ್ಕೆ?

ಅಳಿಯ: ಮುಂದಿನ ವರ್ಷ ಒಡಂಬಡಿಕೆ ಮಾಡಿಕೊಳ್ಳುವುದಕ್ಕೆ.

ಭಟ್ಟರು: ಈ ಬದನೆಗೂ ನೀವು ಕೈ ಹಾಕಿದ್ದಿರಲ್ಲ?

ಅಳಿಯ: ಬಿಟಿ ಬದನೆ! ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಗಿಡಕ್ಕೆ ಸೇರಿಸೋದು. ತಿಂದ ಹುಳ ಸಾಯ್ತದೆ. 2010ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಬಾಂಗ್ಲಾದೇಶದವರು 2014ರಿಂದ ಬೆಳೀತಿದ್ದಾರೆ.

ಭಟ್ಟರು: ಹತ್ತಿಗೆ ಮಾತ್ರ ಬಿಟ್ಟರಲ್ಲ?

ಅಳಿಯ: 2002ರಲ್ಲೇ. ಮೊದಮೊದಲು ಹುಳ ಸತ್ತಿತು. ಆಮೇಲೆ ಗುಲಾಬಿ ಕಾಯಿಕೊರಕ ವಿಷವನ್ನೇ ಅರಗಿಸಿಕೊಂಡಿತು.

ಭಟ್ಟರು: ಲ್ಯಾಬ್ ಇಲ್ಲದೆ, ಅನುದಾನ ಇಲ್ಲದೆ! ಅದನ್ನು ಭಾಷಣಕ್ಕೆ ಕರೆಯಲಿಲ್ಲವಾ?

ಅಳಿಯ: ನೋಂದಣಿ ಶುಲ್ಕ ಕಟ್ಟಿದವರಿಗೆ ಮಾತ್ರ ಪ್ರವೇಶ ಮಾವ.

(ಭಟ್ಟರು ಬದನೆ ಸೀಳುತ್ತಾರೆ. ಒಳಗೊಂದು ಬಿಳಿ ಹುಳ ನಿಧಾನಕ್ಕೆ ತಲೆ ಎತ್ತುತ್ತದೆ.)

ಭಟ್ಟರು: ಇಕೋ, ಶುಲ್ಕ ಕಟ್ಟದೇ ಬಂದಿದೆ. ಇಡೀ ಸಮಾವೇಶದಲ್ಲಿ ಊಟದ ಗಂಟೆಗೆ ಮೊದಲೇ ಕೆಲಸ ಮುಗಿಸಿದ ಪ್ರತಿನಿಧಿ ಇದೊಂದೇ!

ಅಳಿಯ: ಇದೂ ಕೊರೆದದ್ದೇ ಅಲ್ಲವಾ ಮಾವ?

ಭಟ್ಟರು: ಹೌದು. ಆದರೆ ಬಾಯಿ ಮುಚ್ಚಿಕೊಂಡು ಕೊರೆದಿದೆ.