ಮೂಟೆ ಓದುವ ರಾಯರು

ನಮ್ಮ ಬಡಾವಣೆಯ ಪೆಟ್ ಶಾಪಿಗೆ ಯಾವ ಭಾನುವಾರ ಬೆಳಿಗ್ಗೆ ಹೋದರೂ ಒಬ್ಬರು ಮೂಟೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ, ಎಡಗೈಯಲ್ಲಿ ಮೊಬೈಲಿನ ಟಾರ್ಚು, ಬಲಗೈಯಲ್ಲಿ ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿ. ನೋಡಿದವರಿಗೆ ಉಂಗುರವೋ ಬೀಗದ ಕೈಯೋ ಕಳೆದುಕೊಂಡಿದ್ದಾರೆ ಅನ್ನಿಸಬೇಕು. ಅವರು ಹುಡುಕುತ್ತಿರುವುದು ಉಪ್ಪನ್ನು.

ಇವರೇ ರಾಯರು. ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ, ಹೆಸರು ಬೇರೆ ಇರಬಹುದು. ಮೂವತ್ತೈದು ವರ್ಷ ಆಡಿಟ್ ಇಲಾಖೆಯಲ್ಲಿ ಹಸಿರು ಶಾಯಿಯ ಟಿಕ್ಕು ಹಾಕಿ ನಿವೃತ್ತರಾದವರು. ಮಗ ಅಮೆರಿಕಕ್ಕೆ ಹೊರಟಾಗ "ಆರೇ ತಿಂಗಳು ಅಪ್ಪ" ಎಂದು ಒಂದು ಲ್ಯಾಬ್ರಡಾರ್ ಮರಿಯನ್ನು ಬಿಟ್ಟುಹೋದ. ಆ ಆರು ತಿಂಗಳಿಗೆ ಈಗ ನಾಲ್ಕು ವರ್ಷ. ಲಸಿಕೆ ಪುಸ್ತಕದಲ್ಲಿ ಅದರ ಹೆಸರು ಪಿಕ್ಸೆಲ್. ರಾಯರ ಮನೆಯವರ ಬಾಯಲ್ಲಿ ಪಚ್ಚು. ಪಚ್ಚು ಬರುವ ತನಕ ನಿವೃತ್ತ ರಾಯರಿಗೆ ಆಡಿಟ್ ಮಾಡಲು ಉಳಿದಿದ್ದದ್ದು ಹಾಲಿನವನ ಲೆಕ್ಕ ಮತ್ತು ಹೆಂಡತಿಯ ತರಕಾರಿ ಚೀಲ. ಎರಡರಲ್ಲೂ ಆಕ್ಷೇಪಣೆ ಎತ್ತಿ ಎತ್ತಿ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಅಷ್ಟರಲ್ಲಿ ದೇವರ ಹಾಗೆ ಬಂದದ್ದು ನಾಯಿ ಊಟದ ಮೂಟೆ. ಅದರ ಬೆನ್ನಿನ ಮೇಲೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಐವತ್ತು ಪದಾರ್ಥಗಳ ಹೆಸರು. ಹಸಿರು ಪೆನ್ನಿಗೆ ಮತ್ತೆ ಜೀವ ಬಂತು.

"ಅಂಕಲ್, ಹೊಸ ಮೂಟೆ ಯಾವುದೂ ಬಂದಿಲ್ಲ. ಹೋದ ವಾರ ಓದಿದ್ದೇ ಇರೋದು" ಎಂದು ಅಂಗಡಿಯ ಹುಡುಗ ಬಾಗಿಲಲ್ಲೇ ಹೇಳುತ್ತಾನೆ. ರಾಯರು ಅವನ ಕಡೆ ನೋಡುವುದೂ ಇಲ್ಲ.

ಅವರು ಮೊದಲು ಕಂಡುಹಿಡಿದದ್ದು ಕೋಳಿಯ ವಿಚಾರ. ಪಟ್ಟಿಯಲ್ಲಿ ಪದಾರ್ಥಗಳು ಬರುವುದು ತೂಕದ ಪ್ರಕಾರ, ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ. ಆದರೆ ಅದು ಯಂತ್ರಕ್ಕೆ ಹಾಕುವ ಮುಂಚಿನ ತೂಕ. ಹಸಿ ಕೋಳಿಯಲ್ಲಿ ನೂರಕ್ಕೆ ಎಪ್ಪತ್ತರ ಹತ್ತಿರ ನೀರೇ. ಒಣ ಕಾಳಾಗಿ ಹೊರಬಂದಾಗ ಇಡೀ ಊಟದಲ್ಲಿ ಉಳಿಯುವ ತೇವ ಹತ್ತರ ಆಸುಪಾಸು. "ಅಂದಮೇಲೆ ಎರಡು ಕೆಜಿ ಕೋಳಿ ಏನಾಯ್ತು? ಮುಕ್ಕಾಲು ಕೆಜಿಗಿಂತ ಕೆಳಗೆ ಬಂತು. ಪಕ್ಕದಲ್ಲಿರೋ ಮುಸುಕಿನ ಜೋಳ ಒಣಗಿದ್ದೇ, ಅದು ಹಾಗೇ ನಿಂತಿರುತ್ತೆ. ಮೊದಲ ಹೆಸರು ಕೋಳಿದು, ಯಜಮಾನಿಕೆ ಜೋಳದ್ದು!" ಎಂದು ಅವರು ತೊಡೆ ತಟ್ಟಿದಾಗ ನನಗೆ ನೆನಪಾದದ್ದು ನಮ್ಮಮ್ಮನ ದಂಟಿನ ಸೊಪ್ಪು. ಒಂದು ಬುಟ್ಟಿ ಬಿಡಿಸಿದರೆ ಬೇಯುವ ಹೊತ್ತಿಗೆ ಒಂದು ಬಟ್ಟಲು.

ಈ ಎಪ್ಪತ್ತರ ಲೆಕ್ಕವನ್ನು ರಾಯರು ಪುಸ್ತಕದಿಂದ ನಂಬುವವರಲ್ಲ. ಸ್ಥಳ ತನಿಖೆ ಆಗಬೇಕು. ಹುಟ್ಟಿದಾಗಿನಿಂದ ಕೋಳಿ ಅಂಗಡಿ ಬಂದರೆ ಧೋತರದ ತುದಿ ಮೂಗಿಗೆ ಹಿಡಿದು ರಸ್ತೆ ದಾಟುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ಅದರ ಎದುರಿಗೆ, ರಸ್ತೆಯ ಈಚೆ ದಡದಲ್ಲಿ ನಿಂತು ಕೂಗಿ ಕೇಳಿದರು: "ಏನಪ್ಪಾ, ನಿನ್ನ ಕೋಳಿಯಲ್ಲಿ ನೀರು ಎಷ್ಟಿರುತ್ತೆ?" ಗಿರಾಕಿಗಳು ತುಂಬಿದ್ದ ಭಾನುವಾರ ಅದು. ಕತ್ತಿ ಹಿಡಿದಿದ್ದವನು ಅಲ್ಲಿಂದಲೇ ಕೂಗಿದ: "ಸ್ವಾಮಿ, ನಮ್ಮಪ್ಪನ ಕಾಲದಿಂದ ಅಂಗಡಿ ನಡೆಸ್ತಾ ಇದೀವಿ. ಒಂದು ತೊಟ್ಟು ನೀರು ಸೇರಿಸಿದ್ದು ತೋರ್ಸಿ ನೋಡಾಣ!" ರಾಯರು ಡೈರಿಯಲ್ಲಿ ಬರೆದುಕೊಂಡರು: ಉತ್ತರ ತೃಪ್ತಿಕರವಾಗಿಲ್ಲ.

ಅವರು ನನಗೆ ಕಲಿಸಿದ ಎರಡನೆಯ ಪಾಠ ಮೀಲಿನದು. ನಮಗೆ ಮೀಲ್ಸ್ ಅಂದರೆ ಬಾಳೆಲೆ, ಎರಡು ಪಲ್ಯ, ಕೊನೆಗೆ ಮಜ್ಜಿಗೆ. ಮೂಟೆಯ ಮೇಲೆ "ಚಿಕನ್ ಮೀಲ್" ಎಂದಿದ್ದರೆ ಕೋಳಿಗೂ ಬಾಳೆಲೆ ಹಾಕಿದ್ದಾರೆ ಎಂದುಕೊಳ್ಳಬೇಕು. "ಊಟ ಅಲ್ಲ ಕಣ್ರೀ, ಹಿಟ್ಟು. ಬೇಯಿಸಿ, ಕೊಬ್ಬು ಬಸಿದು, ನೀರು ಓಡಿಸಿ, ಪುಡಿ ಮಾಡಿದ್ದು. ನೀರು ಮೊದಲೇ ಹೋಗಿರೋದರಿಂದ ಒಂದು ಕೆಜಿ ಹಿಟ್ಟಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು." ಕೇಳಲು ಅಸಹ್ಯವಾಗಿರುವ ಹೆಸರೇ ಇಲ್ಲಿ ಗಟ್ಟಿ ಆಸಾಮಿ, "ತಾಜಾ ಕೋಳಿ" ಎನ್ನುವುದು ಮೆರವಣಿಗೆಯ ಮದುಮಗ. ಬೈ ಪ್ರಾಡಕ್ಟ್ ಎಂದರೆ ಕತ್ತು, ಕಾಲು, ಕರುಳು, ಒಳಗಿನ ಅಂಗಗಳು ಎಂದು ರಾಯರು ಕಣ್ಣು ಮುಚ್ಚಿಕೊಂಡು ಬೆರಳು ಮಡಚುತ್ತಾ ಎಣಿಸುತ್ತಾರೆ. ಮಾಂಸದ ಹೋಟೆಲಿನ ಮಾಣಿಗೂ ಅಷ್ಟು ನಿಖರತೆ ಇರಲಾರದು. ಎಣಿಸಿ ಮುಗಿದ ಮೇಲೆ ಬಾಯಿ ಮುಕ್ಕಳಿಸುತ್ತಾರೆ.

ಮುಸುಕಿನ ಜೋಳದ ಮೇಲೆ ಅವರಿಗೆ ಹಳೆಯ ಸಿಟ್ಟು. ಒಂದು ಮೂಟೆಯಲ್ಲಿ ಮೊದಲು ಕೋಳಿ ಹಿಟ್ಟು, ಆಮೇಲೆ ಜೋಳ, ಆಮೇಲೆ ಜೋಳದ ಗ್ಲುಟೆನ್, ಅದಾದ ಮೇಲೆ ಜೋಳದ ಹಿಟ್ಟು. "ಒಂದೇ ಮನೆಯವರು ಮೂರು ರೇಷನ್ ಕಾರ್ಡು ಮಾಡಿಸಿಕೊಂಡಿದ್ದಾರೆ! ಮೂವರನ್ನೂ ಒಂದೇ ಪಂಕ್ತಿಗೆ ಕೂರಿಸಿ ತೂಕ ಹಾಕಲಿ, ಕೋಳಿ ಎಲ್ಲಿರುತ್ತೆ ನೋಡೋಣ." ಸರ್ವಿಸಿನಲ್ಲಿ ಇಂಥ ಎಷ್ಟೋ ಕಾರ್ಡು ಹಿಡಿದವರು ಅವರು. ಈ ಕಳ್ಳಾಟ ನಿಜವಾಗಿಯೂ ನಡೆಯುತ್ತದೆ, ರಾಯರ ಕಲ್ಪನೆಯಲ್ಲ.

ಇನ್ನು ಉಪ್ಪು. ಒಣ ಊಟದಲ್ಲಿ ಉಪ್ಪು ಇರುವುದು ಹೆಚ್ಚೆಂದರೆ ನೂರಕ್ಕೆ ಒಂದರ ಹತ್ತಿರ. ಆದ್ದರಿಂದ ಪಟ್ಟಿಯಲ್ಲಿ ಉಪ್ಪಿನಿಂದ ಕೆಳಗೆ ಕೂತ ಯಾರೇ ಆಗಲಿ ಉಪ್ಪಿಗಿಂತ ಕಡಿಮೆ. ಮೂಟೆಯ ಮುಂಭಾಗದಲ್ಲಿ ಬ್ಲೂಬೆರಿ, ಪಾಲಕ್, ಕ್ಯಾರೆಟ್ ಎಲ್ಲ ಇಬ್ಬನಿ ಹನಿ ಸಮೇತ ಹೊಳೆಯುತ್ತಿರುತ್ತವೆ. ಹಿಂದೆ ತಿರುಗಿಸಿ ಟಾರ್ಚು ಬಿಟ್ಟರೆ ಅವೆಲ್ಲ ಉಪ್ಪಿನ ಕೆಳಗೆ ಗುಂಪಾಗಿ ತಲೆ ತಗ್ಗಿಸಿ ನಿಂತಿರುತ್ತವೆ. "ಅಕ್ಷತೆ ರೀ, ಬರೀ ಅಕ್ಷತೆ! ಅಕ್ಷತೆ ತಿಂದು ಯಾರಿಗಾದರೂ ಹೊಟ್ಟೆ ತುಂಬಿದ್ದುಂಟೇ?" ಎಂದು ರಾಯರು ಸುತ್ತ ನೋಡುತ್ತಾರೆ. ಬ್ಲೂಬೆರಿಯ ಚಿತ್ರ ನೋಡಿ ಮೂಟೆ ಎತ್ತಿಕೊಂಡಿದ್ದ ಹುಡುಗಿಯೊಬ್ಬಳು ಮೆಲ್ಲಗೆ ವಾಪಸ್ಸಿಡುತ್ತಾಳೆ. ಮಾಲೀಕ ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸುತ್ತಾನೆ. ಭಾನುವಾರ ಅಂಗಡಿಗೆ ರಜೆ ಹಾಕುವ ಯೋಚನೆ ಅವನಿಗೆ ಬಂದಿದೆ ಎಂದು ಹುಡುಗ ನನಗೆ ಗುಟ್ಟಾಗಿ ಹೇಳಿದ.

ನೂರಕ್ಕೆ 24 ಪ್ರೋಟೀನು ಎಂದು ಬರೆದಿದ್ದರೆ ರಾಯರು ನಂಬಿಬಿಡುತ್ತಾರೆಯೇ? "ಪ್ರೋಟೀನು ಅಳೆದವರು ಯಾರು? ಅಳೆಯೋದು ಸಾರಜನಕ." ಇದೂ ನಿಜ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕೂತು, ಸಾರಜನಕ ಅಳೆಯುವ ಉಪಾಯ ಕಂಡುಹಿಡಿದ. ಬಂದ ಅಂಕಿಯನ್ನು 6.25ರಿಂದ ಗುಣಿಸಿದರೆ ಅದಕ್ಕೆ ಪ್ರೋಟೀನು ಅನ್ನುತ್ತೇವೆ. ಆ ಸಾರಜನಕ ಮಾಂಸದ್ದೋ ಬೇರೆಯದೋ ಯಂತ್ರಕ್ಕೆ ತಿಳಿಯದು. 2007ರಲ್ಲಿ ಚೀನಾದಿಂದ ಬಂದ ಗೋಧಿ ಗ್ಲುಟೆನ್ನಿನಲ್ಲಿ ಪ್ಲಾಸ್ಟಿಕ್ಕಿಗೆ ಬಳಸುವ ಮೆಲಮೈನ್ ಬೆರೆಸಿ, ಅಂಕಿ ಏರಿಸಿ ಮಾರಿದ್ದರು. ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟು, ಅಂಗಡಿಗಳಿಂದ ಮೂಟೆ, ಡಬ್ಬಿ ರಾಶಿರಾಶಿಯಾಗಿ ವಾಪಸ್ ಹೋದವು. "ವೋಚರು ಸರಿ ಇತ್ತು, ಖಜಾನೆಯಲ್ಲಿ ದುಡ್ಡಿರಲಿಲ್ಲ" ಎಂದು ರಾಯರು ಹೇಳುವಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರುವುದಿಲ್ಲ.

ಮನೆಯಲ್ಲಿ ಕಷ್ಟ ಬಂದದ್ದು ಬೂದಿಯಿಂದ. ಮೂಟೆಯ ಮೇಲೆ "ಕ್ರೂಡ್ ಆ್ಯಶ್" ಎಂದು ಒಂದು ಸಾಲಿರುತ್ತದೆ. ರಾಯರು ಅದನ್ನು ಗಟ್ಟಿಯಾಗಿ ಓದಿ ಅನುವಾದವನ್ನೂ ಮಾಡಿಬಿಟ್ಟರು. ಒಳಗಿನಿಂದ ಅವರ ಮನೆಯವರು ಬಂದರು. "ಪಾತ್ರೆ ತಿಕ್ಕೋಕೆ ಒಂದು ಹಿಡಿ ಬೂದಿ ಸಿಗದೆ ಸೋಪು ತರ್ತಾ ಇದೀವಿ. ಸಾವಿರಾರು ರೂಪಾಯಿ ಕೊಟ್ಟು ಮಗೂಗೆ ಬೂದಿ ತಿನ್ನಿಸ್ತೀರೇನ್ರೀ?" ಅದು ಬೆರೆಸಿದ ಬೂದಿಯಲ್ಲ, ಪರೀಕ್ಷೆಗೆಂದು ಒಂದು ಚಿಟಿಕೆ ಊಟವನ್ನು ಕುಲುಮೆಯಲ್ಲಿ ಸುಟ್ಟಾಗ ಉಳಿಯುವ ಸುಣ್ಣ, ರಂಜಕದಂಥ ಖನಿಜಗಳ ಲೆಕ್ಕ ಎಂದು ವಿವರಿಸುವಷ್ಟರಲ್ಲಿ ಮೂಟೆ ವರಾಂಡಕ್ಕೆ ಹೋಗಿತ್ತು.

ಅದರ ನಂತರ ಒಂದಷ್ಟು ಕಾಲ ರಾಯರು ಧಾನ್ಯವಿಲ್ಲದ ಊಟದ ಭಕ್ತರಾಗಿದ್ದರು. ನಾಯಿ ತೋಳದ ವಂಶ, ಅನ್ನ ಅದಕ್ಕೆ ವಿಷ ಎಂದು ಎದುರು ಮನೆಯವರ ಜತೆ ಜಗಳವಾಡಿದರು. ನಾಯಿಗೆ ತಲೆತಲಾಂತರದಿಂದ ರಾಗಿ ಮುದ್ದೆ ಹಾಕಿ ಬೆಳೆಸಿದ ಊರಿನವರು ಎದುರು ಮನೆಯವರು, ನಕ್ಕು ಸುಮ್ಮನಾದರು. ಮನುಷ್ಯನ ಜತೆ ಬಾಳಿ ಬಾಳಿ ನಾಯಿಗೆ ಪಿಷ್ಟ ಅರಗಿಸುವ ಜೀನುಗಳು ತೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿವೆ ಎಂದು 2013ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ ಎಂಬುದು ರಾಯರಿಗೆ ಆಮೇಲೆ ತಿಳಿಯಿತು. ಧಾನ್ಯವಿಲ್ಲದ ಊಟದಲ್ಲಿ ಅಕ್ಕಿ ತೆಗೆದ ಜಾಗಕ್ಕೆ ಬಟಾಣಿ, ಬೇಳೆ ತುಂಬಿರುತ್ತಾರೆ. ಅಂಥ ಊಟಕ್ಕೂ ನಾಯಿಗಳ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು ಎಂಬುದೂ ತಿಳಿಯಿತು. ಆ ತನಿಖೆ ಖಚಿತ ತೀರ್ಮಾನಕ್ಕೆ ಬರಲಿಲ್ಲ. ತೀರ್ಮಾನವಾಗದ ತನಿಖೆ ಎಂದರೆ ಏನೆಂದು ರಾಯರಿಗೆ ಹೇಳಿಕೊಡಬೇಕಾಗಿಲ್ಲ. ಮಾರನೆಯ ದಿನವೇ ಅಕ್ಕಿಯಿರುವ ಮೂಟೆ ಬಂತು, ರಾತ್ರಿ ಹೊತ್ತಿನಲ್ಲಿ, ಎದುರು ಮನೆಯ ದೀಪ ಆರಿದ ಮೇಲೆ.

ಇಷ್ಟೆಲ್ಲ ಓದಿದವರು ಒಮ್ಮೆ ಪಶುವೈದ್ಯೆಯ ಹತ್ತಿರ ಹೊರಟರು. ಡೈರಿ ತೋರಿಸಿ ಶಹಭಾಸ್ ಎನ್ನಿಸಿಕೊಳ್ಳುವ ಆಸೆ. ಸಾಕ್ಷಿಗೆ ನಾನು. ಡಾಕ್ಟರು ಚಿಕ್ಕ ವಯಸ್ಸಿನವರು. ಡೈರಿಯ ಹನ್ನೆರಡು ಪುಟ ತಾಳ್ಮೆಯಿಂದ ತಿರುವಿ ಹಾಕಿ, "ಚೆನ್ನಾಗಿದೆ ಸಾರ್. ಕಕ್ಕ ಗಟ್ಟಿಯಾಗಿ ಮಾಡ್ತಾನಾ?" ಎಂದು ಕೇಳಿದರು.

ಡೈರಿಯಲ್ಲಿ ಆ ಕಾಲಂ ಇರಲಿಲ್ಲ.

"ಪಟ್ಟಿ ಒಂದೇ ಥರ ಇರೋ ಎರಡು ಮೂಟೆ ಬೇರೆ ಬೇರೆ ಥರ ಅರಗಬಹುದು ಸಾರ್. ಒಂದರ ಕೋಳಿ ಹಿಟ್ಟಲ್ಲಿ ಮಾಂಸ ಜಾಸ್ತಿ, ಇನ್ನೊಂದರಲ್ಲಿ ಮೂಳೆ ಜಾಸ್ತಿ. ಅದನ್ನ ಯಾರೂ ಮೂಟೆ ಮೇಲೆ ಬರೆಯಲ್ಲ. ಯಾರು ತಯಾರಿಸಿದ್ದು, ಅವರ ಹತ್ರ ಆಹಾರತಜ್ಞರು ಇದಾರಾ, ನಾಯಿಗಳಿಗೆ ತಿನ್ನಿಸಿ ನೋಡಿದಾರಾ, ಅದನ್ನ ಕೇಳಿ." ಹೀಗೆನ್ನುತ್ತಾ ಪಚ್ಚುವಿನ ಪಕ್ಕೆಯ ಮೇಲೆ ಕೈಯಾಡಿಸಿ, ಇನ್ನೂ ಸ್ವಲ್ಪ ಒತ್ತಿ, ಆಮೇಲೆ ಕೇಳಿದರು: "ಪಕ್ಕೆಲುಬು ಕೈಗೆ ಸಿಗ್ತಾನೇ ಇಲ್ವಲ್ಲ. ದಿನಕ್ಕೆ ಎಷ್ಟು ಹಾಕ್ತೀರಿ?"

ಸಾರಜನಕದ ಲೆಕ್ಕ ಹಿಡಿದ ರಾಯರು ತಡವರಿಸಿದರು. "ಒಂದು... ಲೋಟ."

"ಯಾವ ಲೋಟ?"

"ನಮ್ಮನೆ ಲೋಟ."

ಜತೆಗೆ ಬಂದಿದ್ದ ಅವರ ಮನೆಯವರು ಆಗ ಬಾಯಿಬಿಟ್ಟರು. ಲೋಟ ಅಲ್ಲ, ಹಿತ್ತಾಳೆ ಚೊಂಬು. ತಲೆ ತಟ್ಟಿ ಮಟ್ಟ ಮಾಡುವುದೂ ಇಲ್ಲ, ಗೋಪುರ. ಮೇಲೆ ಸಂಜೆ ಕಾಫಿ ಹೊತ್ತಿಗೆ ಇವರಿಗೆ ಎರಡು ಬಿಸ್ಕತ್ತು, ಅವನಿಗೆ ಎರಡು. ರಾತ್ರಿ ಒಂದು ಹಿಡಿ ಸಾರನ್ನ. ಡಾಕ್ಟರ ಹುಬ್ಬು ಮೇಲೇರಿತು. "ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕ್ತೀರಾ? ನಾಯಿಗೆ ಅದು ರಕ್ತ ಕೆಡಿಸುತ್ತೆ."

"ನಮ್ಮನೇಲಿ ಅದು ಹೊಸಿಲು ದಾಟಿಲ್ಲಮ್ಮ."

"ಪುಣ್ಯ ಮಾಡಿದಾನೆ. ಪಾಯಸ ಗೀಯಸ? ಒಣದ್ರಾಕ್ಷಿ ಇನ್ನೂ ಅಪಾಯ, ಕಿಡ್ನಿ ಹೋಗಬಹುದು."

ರಾಯರ ಮುಖ ಬಿಳಿಚಿತು. ಅವರ ಮನೆಯವರು ಮಾತ್ರ ಶಾಂತವಾಗಿ ಹೇಳಿದರು: "ದ್ರಾಕ್ಷಿ, ಗೋಡಂಬಿ ಎಲ್ಲಾ ಇವರೇ ಆಯ್ಕೊಂಡು ತಿಂದುಬಿಡ್ತಾರೆ. ನಾಯಿ ತನಕ ಬಂದೇ ಇಲ್ಲ."

ಚೊಂಬಿನ ಜಾಗಕ್ಕೆ ಅಂದೇ ಗ್ರಾಮಿನ ತಕ್ಕಡಿ ಬಂತು. ಡಾಕ್ಟರ ಹತ್ತಿರ ನಾಯಿಯನ್ನು ತೂಗಿದ ದಿನ ಅಲ್ಲೇ ಇದ್ದ ದೊಡ್ಡ ತೂಕದ ಯಂತ್ರದ ಮೇಲೆ ರಾಯರೂ ಒಮ್ಮೆ ಕಾಲಿಟ್ಟಿದ್ದರಂತೆ, ಸುಮ್ಮನೆ, ಯಂತ್ರ ಸರಿಯಿದೆಯೇ ನೋಡಲು. ಅಂಕಿಯನ್ನು ಹಿಂದಿನಿಂದ ಒಬ್ಬರು ಓದಿಕೊಂಡಿದ್ದರು.

ಮುಂದಿನ ವಾರ ಯಾವುದೋ ಕೆಲಸಕ್ಕೆ ಹೋದಾಗ ರಾಯರು ಊಟಕ್ಕೆ ಕೂತಿದ್ದರು. ಸಾರಿನ ಪಾತ್ರೆಗೆ ಒಂದು ಚೀಟಿ ಅಂಟಿಸಿತ್ತು, ಹಸಿರು ಶಾಯಿಯಲ್ಲಿ, ಆದರೆ ಅಕ್ಷರ ರಾಯರದ್ದಲ್ಲ. ನೀರು, ತೊಗರಿಬೇಳೆ, ಟೊಮ್ಯಾಟೊ, ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ, ಉಪ್ಪು, ತುಪ್ಪ, ಸಾಸಿವೆ, ಇಂಗು.

ರಾಯರು ಹಣೆಯ ಮೇಲಿನ ಕನ್ನಡಕ ಇಳಿಸಿ ಮೇಲಿನಿಂದ ಓದುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು.

"ಏನೇ ಇದು, ತುಪ್ಪ ಉಪ್ಪಿನಿಂದ ಕೆಳಗೆ ಬಂದಿದೆ?"

ಒಳಗಿನಿಂದ ಉತ್ತರ ಬಂತು: "ಅಕ್ಷತೆ ರೀ."