ಮನೆಮಂದಿಗೆಲ್ಲ ಒಂದೇ ಚೀಟಿ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿರುವ ಜಾತಿಯ ಡಾಕ್ಟರು ಇವರು. ಸೊಸೆಯೊಬ್ಬಳು ತಲೆನೋವು ಅಂತ ಬಂದು ಕೂತರೆ, ‘ಅತ್ತೆ ಮಗಳ ಮನೆಗೆ ಹೋದ್ರೋ, ಇಲ್ಲೇ ಇದ್ದಾರೋ?’ ಎಂಬುದೇ ಮೊದಲ ಪ್ರಶ್ನೆ. ‘ಇಲ್ಲೇ ಇದ್ದಾರೆ’ ಅಂದರೆ ಬಿ.ಪಿ. ಪಟ್ಟಿಯನ್ನು ಐದು ನಿಮಿಷ ತಡವಾಗಿ ಸುತ್ತುತ್ತಾರೆ. (ಐದು ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ನೋಡಬೇಕೆಂದು ವೈದ್ಯರ ಪುಸ್ತಕದಲ್ಲೂ ಇದೆ. ಅತ್ತೆಯ ಪ್ರಸ್ತಾಪ ಮಾತ್ರ ಇಲ್ಲ.)

ಗಂಡಸರ ಬಿ.ಪಿ. 140/90 ದಾಟಿತೋ, ಬೈಗುಳ ಅವರಿಗಲ್ಲ. ‘ಸಾರಿಗೆ ಉಪ್ಪು ಹಾಕೋರು ಯಾರು? ನಾಳೆ ಅವರನ್ನ ಕಳಿಸು.’ ಮಾರನೆಯ ದಿನ ಹೆಂಡತಿಗೆ ಪಾಠ: ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಎಲ್ಲ ಅದರಲ್ಲೇ ಬಂತು. ಆಕೆ ‘ಉಪ್ಪಿನಕಾಯಿ ನಮ್ಮತ್ತೆ ಇಲಾಖೆ’ ಅಂದರೆ ಕಡತ ಅತ್ತೆಗೆ ವರ್ಗವಾಗುತ್ತದೆ.

ಇವರ ಪ್ರತಿಭೆ ಪೂರ್ತಿ ಬೆಳಗುವುದು ತುರಿಕಜ್ಜಿಯಲ್ಲಿ. ಹಾಸ್ಟೆಲಿನಿಂದ ರಜಕ್ಕೆ ಬಂದ ಹುಡುಗ ಬೆರಳ ಸಂದಿ ಕೆರೆದುಕೊಳ್ಳುತ್ತಾ ಬಂದ. ‘ಮನೇಲಿ ಎಷ್ಟು ಜನ?’ ‘ಆರು.’ ಆರು ಟ್ಯೂಬ್ ಬರೆದುಕೊಟ್ಟರು. ಒಂದೇ ರಾತ್ರಿ ಎಲ್ಲರೂ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಂಡು ಮಲಗಬೇಕು, ಬೆಳಿಗ್ಗೆ ಸ್ನಾನ, ವಾರ ಬಿಟ್ಟು ಇನ್ನೊಮ್ಮೆ. ಸಂಜೆಗೆ ಅಜ್ಜಿ ಕ್ಲಿನಿಕ್ಕಿಗೇ ಬಂದು ಜಗಳ ತೆಗೆದರು.

‘ನನಗೆ ತುರಿಕೆಯೇ ಇಲ್ಲ!’

‘ಇನ್ನೂ ಇಲ್ಲ ಅನ್ನಿ. ಮೊದಲ ಸಲ ಅಂಟಿದ್ರೆ ಕೆರೆತ ಶುರುವಾಗೋಕೆ ನಾಲ್ಕಾರು ವಾರ ಬೇಕು.’

‘ನಾನು ಮಡಿ ಹೆಂಗಸು, ಯಾರನ್ನೂ ಮುಟ್ಟೋಲ್ಲ.’

‘ಮೊಮ್ಮಗ ಬಂದಾಗಿನಿಂದ ಯಾರ ಮಗ್ಗುಲಲ್ಲಿ ಮಲಗ್ತಾನೆ?’

ಅಜ್ಜಿ ಟ್ಯೂಬನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದರು.

ಎಲ್ಲರ ಒಲೆಗೂ ಇಣುಕುವ ಈ ಮನುಷ್ಯ ಬಾಯಿಬಿಡುವುದರಲ್ಲಿ ಮಾತ್ರ ಮಹಾ ಜಿಪುಣ. ಗಂಡನ ಸಿಗರೇಟು ಹೆಂಡತಿಗೆ, ಸೊಸೆಯ ಮಾತ್ರೆ ಅತ್ತೆಗೆ ಇವರಿಂದ ತಿಳಿದದ್ದಿಲ್ಲ. ನನಗೆ ಇವರ ಮೇಲೆ ಗೌರವ ಇರುವುದೇ ಇದಕ್ಕೆ. ‘ನಮ್ಮೆಜಮಾನ್ರ ಶುಗರ್ ಎಷ್ಟಿದೆ ಡಾಕ್ಟ್ರೇ?’ ಎಂದು ಯಾರಾದರೂ ಮೆಲ್ಲಗೆ ಕೆದಕಿದರೆ, ‘ಅವರನ್ನೇ ಕೇಳಮ್ಮ. ನಿನ್ನದು ನೋಡಿ ವರ್ಷ ಆಯ್ತಲ್ಲ, ಕೂತ್ಕೋ’ ಎನ್ನುತ್ತಾರೆ. ಗಂಡನ ಗುಟ್ಟು ತಿಳಿಯಲು ಬಂದಾಕೆ ಬೆರಳು ಚುಚ್ಚಿಸಿಕೊಂಡು ಹೋಗುತ್ತಾಳೆ. ಫೀಸು ಯಜಮಾನರ ಲೆಕ್ಕಕ್ಕೆ.