ಅಮ್ಮನ ಕೈಗೊಂದು ಕಾರ್ಡ್‌ಲೆಸ್

ನಿಮ್ಮ ಮನೆಗೂ ಫೈಬರ್ ಬಂತಲ್ಲ, ಬಹಳ ಸಂತೋಷ ಮಾರಾಯ್ರೇ. ಆದರೆ ಇಂಟರ್‌ನೆಟ್ ಇದ್ದರೆ ಸಾಕು, ಲ್ಯಾಂಡ್‌ಲೈನ್ ತೆಗೆಸಿಬಿಡಿ, ಅಮ್ಮನಿಗೊಂದು ಮೊಬೈಲ್ ಕೊಡಿಸಿದರಾಯಿತು ಅಂತ ಲೈನ್‌ಮನ್ ಹತ್ತಿರ ಹೇಳುತ್ತಿದ್ದಿರಲ್ಲ, ಹಾಗೆ ಮಾತ್ರ ಮಾಡಬೇಡಿ. ನಂಬರ್ ಉಳಿಸಿಕೊಳ್ಳಿ. ಅದಕ್ಕೊಂದು ಕಾರ್ಡ್‌ಲೆಸ್ ಸೆಟ್ಟು ತನ್ನಿ.

ಈ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ಲಿನ ಪಾಡು ನಿಮಗೆ ಗೊತ್ತಿಲ್ಲದ್ದೇನಲ್ಲ. ಜಗಲಿಯ ತುದಿಗೆ ಬಂದರೆ ಉಂಟು, ಒಳಗೆ ಹೋದರೆ ಇಲ್ಲ. ವೈಫೈ ಮೇಲೆ ಕಾಲ್ ಬರುತ್ತದೆ ಅನ್ನುತ್ತೀರಿ, ಹೌದು, ಬರುತ್ತದೆ. ಆದರೆ ನಿಮ್ಮ ಅಮ್ಮನಿಗೆ ಆ ಗಾಜಿನ ಮೇಲೆ ಬೆರಳು ಎಳೆಯಬೇಕೋ ಒತ್ತಬೇಕೋ ತಿಳಿಯುವಷ್ಟರಲ್ಲಿ ರಿಂಗು ನಿಂತಿರುತ್ತದೆ. ಲ್ಯಾಂಡ್‌ಲೈನ್ ನಂಬರಾದರೆ ನೆಂಟರಿಷ್ಟರಿಗೆಲ್ಲ ಬಾಯಿಪಾಠ. ಅಮ್ಮನಿಗೆ ಕಷ್ಟವಾಗಿರುವುದು ಫೋನಿನಿಂದಲ್ಲ, ಅದು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಕಚ್ಚಿಕೊಂಡು ಕೂತಿರುವುದರಿಂದ. ಹಿತ್ತಿಲಲ್ಲಿದ್ದವರು, ಬಚ್ಚಲಲ್ಲಿದ್ದವರು ಒದ್ದೆ ಕಾಲಲ್ಲೇ ಓಡಿಬರಬೇಕು. ನಮ್ಮ ಅತ್ತೆ ಸೊಂಟದ ಮೂಳೆ ಮುರಿದುಕೊಂಡದ್ದು ಹಾಗೆ ಓಡುವಾಗಲೇ. ಫೋನು ಕೈಯಲ್ಲೇ ಇದ್ದರೆ ಓಡುವ ಮಾತೇ ಇಲ್ಲ.

ಕೊಳ್ಳುವಾಗ ಎರಡು ಹ್ಯಾಂಡ್‌ಸೆಟ್ ಇರುವುದನ್ನೇ ಕೇಳಿ. ಗುಂಡಿ ದೊಡ್ಡದಿರಲಿ, ಕತ್ತಲಲ್ಲಿ ಬೆಳಗುವಂತಿರಲಿ, ಸ್ಪೀಕರ್ ಇರಲಿ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಅಮ್ಮನ ಮಂಚದ ಪಕ್ಕ. ಒಂದರಿಂದ ಇನ್ನೊಂದಕ್ಕೆ ಮಾತಾಡುವ ಇಂಟರ್‌ಕಾಮ್ ಬಹುತೇಕ ಸೆಟ್ಟುಗಳಲ್ಲಿರುತ್ತದೆ, ಅದಕ್ಕೆ ಚಿಕ್ಕಾಸೂ ಬೀಳುವುದಿಲ್ಲ. ರಾತ್ರಿ ಅಮ್ಮನಿಗೆ ನೀರು ಬೇಕೆಂದರೆ ಕೂಗಬೇಕಾಗಿಲ್ಲ. ನನ್ನ ಪ್ರಕಾರ ಕೊಟ್ಟ ದುಡ್ಡು ವಸೂಲಾಗುವುದು ಇದೊಂದರಲ್ಲೇ.

ಮಗನಿಗೆ ಹೇಳಿ ಅಮೆರಿಕದಿಂದ ತರಿಸುತ್ತೇನೆ ಅಂತ ಹೊರಡಬೇಡಿ. ಅಲ್ಲಿಯ ಅಡಾಪ್ಟರ್ 120 ವೋಲ್ಟಿನದು, ನಮ್ಮದು 230. ಅದನ್ನಾದರೂ ಬದಲಾಯಿಸಬಹುದು. ಆದರೆ ಅಲ್ಲಿಯ ಡೆಕ್ಟ್ ಎಂಬ ಡಿಜಿಟಲ್ ಕಾರ್ಡ್‌ಲೆಸ್ ಸೆಟ್ಟುಗಳು ಮಾತಾಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ಅದು ನಮ್ಮಲ್ಲಿ ಮೊಬೈಲುಗಳು ಟವರಿಗೆ ಮಾತು ಕಳಿಸಲು ಇಟ್ಟ ಜಾಗ. ಮೊದಲೇ ಬಡಕಲಾದ ಟವರಿಗೆ ನಾವೇ ಗದ್ದಲ ಸೇರಿಸಿದಂತಾಗುತ್ತದೆ. ಇಲ್ಲಿಯ ಅಂಗಡಿಯಲ್ಲಿ, ಇಲ್ಲಿಗೆಂದೇ ಮಾಡಿದ್ದನ್ನು ತೆಗೆದುಕೊಳ್ಳಿ.

ಜೋಡಿಸುವುದು ದೊಡ್ಡ ವಿದ್ಯೆಯೇನಲ್ಲ. ಫೈಬರಿನ ಪೆಟ್ಟಿಗೆಯ ಹಿಂಬದಿಯಲ್ಲಿ ಫೋನಿನ ಚಿತ್ರವಿರುವ ಚಿಕ್ಕ ತೂತಿದೆ, ಹ್ಯಾಂಡ್‌ಸೆಟ್ ಕೂರಿಸುವ ಬೇಸಿನ ತಂತಿ ಅಲ್ಲಿಗೆ. ಇನ್ನೂ ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡ ನಮ್ಮಂಥವರು ಸ್ಪ್ಲಿಟರ್ ಎಂಬ ಆ ಪುಟ್ಟ ಡಬ್ಬಿಯ ಫೋನ್ ಕಡೆಯ ತೂತಿಗೇ ಹಾಕಬೇಕು, ಇಲ್ಲದಿದ್ದರೆ ಮಾತಿನುದ್ದಕ್ಕೂ ಸರ್ರ್ ಅನ್ನುತ್ತದೆ. ಡಯಲ್ ಮಾಡುವ ಬಗೆ ಟೋನ್‌ನಲ್ಲಿರಲಿ, ಪಲ್ಸ್ ಬೇಡ. ಬೇಸನ್ನು ಎಲ್ಲಿಡುತ್ತೀರಿ ಅನ್ನುವುದೇ ಮುಖ್ಯ. ಡಬ್ಬದ ಮೇಲೆ ಬಯಲಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ಅಂತ ಬರೆದಿರುತ್ತಾರೆ. ನಿಮ್ಮ ಜಂಬಿಟ್ಟಿಗೆ ಗೋಡೆಯ ದಪ್ಪ ಅವರು ಕಂಡಿಲ್ಲ. ಮನೆಯ ನಡುಮಧ್ಯದಲ್ಲಿ, ಎದೆಯೆತ್ತರಕ್ಕಿಂತ ಮೇಲೆ ಇಡಿ. ಗಾಡ್ರೇಜ್ ಬೀರು, ಫ್ರಿಜ್ಜು, ಮೈಕ್ರೊವೇವ್ ಒಲೆಯ ಹತ್ತಿರ ಬೇಡ. ನಮ್ಮಲ್ಲಿ ಮಾರಾಟವಾದ ಎಷ್ಟೋ ಸೆಟ್ಟುಗಳು 2.4 ಗಿಗಾಹರ್ಟ್ಸ್‌ನವು, ವೈಫೈ ಕೂಡ ಅದೇ ದಾರಿಯಲ್ಲೇ ಓಡಾಡುವುದು. ಹಾಗಾಗಿ ಫೈಬರಿನ ಪೆಟ್ಟಿಗೆಗೆ ಅಂಟಿಸಿ ಇಟ್ಟರೆ ಮಾತು ತುಂಡುತುಂಡಾಗುತ್ತದೆ. ಒಂದು ಉದ್ದ ತಂತಿ ಎಳೆಸಿ ದೂರ ಇಡಿ.

ಸೆಲ್ಲು ಹಾಕಿದ ಕೂಡಲೇ ಮಾತಾಡುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಸಲ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಚಾರ್ಜಿಗೆ ಬಿಡಿ, ಕೆಲವದಕ್ಕೆ ಇಡೀ ರಾತ್ರಿಯೇ ಬೇಕು. ಎರಡು ಮೂರು ವರ್ಷವಾದ ಮೇಲೆ ಐದು ನಿಮಿಷ ಮಾತಾಡಿದರೆ ಕುಂಯ್ ಅನ್ನಲು ಶುರುಮಾಡುತ್ತದೆ. ಆಗ ಫೋನು ಕೆಟ್ಟಿತು ಅಂತ ಬಿಸಾಡುವವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಕೆಟ್ಟದ್ದು ಸೆಲ್ಲು ಮಾತ್ರ. ಹೆಚ್ಚಿನವಕ್ಕೆ ಬೇಕಾಗುವುದು ತೆಳ್ಳನೆಯ ಎರಡು ಎಎಎ ನಿಕಲ್ ಸೆಲ್ಲು, 1.2 ವೋಲ್ಟಿನವು, ರೀಚಾರ್ಜೆಬಲ್ ಅಂತ ಬರೆದಿರುವಂಥವು. ಗಡಿಯಾರಕ್ಕೂ ರಿಮೋಟಿಗೂ ಹಾಕುವ 1.5 ವೋಲ್ಟಿನ ಸೆಲ್ಲನ್ನು ಮಾತ್ರ ಹಾಕಬೇಡಿ. ಅದನ್ನು ಚಾರ್ಜಿಗಿಟ್ಟರೆ ಸೋರುತ್ತದೆ, ಒಡೆಯಲೂಬಹುದು. ನಮ್ಮ ಮಳೆಗಾಲದ ಶೀತಕ್ಕೆ ಹ್ಯಾಂಡ್‌ಸೆಟ್ ಕೂರಿಸುವ ಜಾಗದ ಲೋಹದ ತುದಿಗಳು ಮಂಕಾಗುತ್ತವೆ, ಒಣ ಬಟ್ಟೆಯಲ್ಲಿ ಆಗಾಗ ಒರೆಸಿ.

ಅಮ್ಮನಿಗೆ ಬೇಕಾದ ನಂಬರುಗಳನ್ನು ನೀವೇ ಕೂತು ತುಂಬಿಸಿಕೊಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲು ಮುಂದೆ 0 ಹಾಕಲೇಬೇಕು. ಅದನ್ನು ಸೇರಿಸಿಯೇ ಉಳಿಸಿಡಿ. ಬಂದ ಕಾಲಿಗೆ ತಿರುಗಿ ಮಾಡಿದರೆ ಹೋಗುವುದಿಲ್ಲ ಅಂತ ಎಷ್ಟೋ ಹಿರಿಯರು ಪೇಚಾಡುವುದು ಈ 0 ಇಲ್ಲದ್ದಕ್ಕೇ. ತುರ್ತು ಸಹಾಯದ 112ನ್ನು ಒಂದು ಗುಂಡಿಗೆ ಇಡಿ. ಹ್ಯಾಂಡ್‌ಸೆಟ್ ಹಾಸಿಗೆಯೊಳಗೆ ಸೇರಿ ಕಾಣೆಯಾದರೆ ಬೇಸಿನ ಮೇಲೆ ಹುಡುಕುವ ಗುಂಡಿಯಿದೆ, ಒತ್ತಿದರೆ ಅದೇ ಕೂಗಿ ಹೇಳುತ್ತದೆ. ಇದನ್ನು ಅಮ್ಮನಿಗೆ ಮೊದಲ ದಿನವೇ ತೋರಿಸಿ.

ಗುಟ್ಟಿನ ಮಾತು ಬೇರೆಯವರಿಗೆ ಕೇಳುತ್ತದೆಯೇ ಅಂತ ನಿಮ್ಮಾಕೆ ಕೇಳಿದ್ದರು. ಉದ್ದ ಏರಿಯಲ್ ಎಳೆದು ಮಾತಾಡುವ ಮೊದಲಿನ ಅನಲಾಗ್ ಸೆಟ್ಟುಗಳಲ್ಲಿ ಹಾಗಾಗುತ್ತಿತ್ತು, ಪಕ್ಕದ ಮನೆಯ ಸೆಟ್ಟಿಗೂ ಮಾತು ನುಸುಳುತ್ತಿತ್ತು. ಈಗಿನ ಡಿಜಿಟಲ್ ಸೆಟ್ಟಿನಲ್ಲಿ ಆ ಹೆದರಿಕೆ ಬೇಡ.

ಈಗ ಕೇಳಿ, ನಾನು ನಿಜವಾಗಿ ಹೇಳಬೇಕೆಂದದ್ದು ಇದು. ಕಾರ್ಡ್‌ಲೆಸ್ ಬಂತೆಂದು ಆ ಹಳೇ ತಂತಿಯ ಫೋನನ್ನು ಗುಜರಿಗೆ ಹಾಕಬೇಡಿ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಿಂದ ಇರುವ ಐಟಿಐ ಕಾರ್ಖಾನೆಯ ಸೆಟ್ಟದು, ಇನ್ನೂ ಗಟ್ಟಿ ಇದೆ. ಹಳೇ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟಿರಲಿ ಬಿಡಲಿ, ಫೋನು ಹೊಡೆಯುತ್ತಿತ್ತು. ಕಾರ್ಡ್‌ಲೆಸ್‌ನ ಬೇಸಿಗೆ ಮನೆಯ ಕರೆಂಟೇ ಬೇಕು. ಹ್ಯಾಂಡ್‌ಸೆಟ್ಟಿನಲ್ಲಿ ಎಷ್ಟೇ ಚಾರ್ಜ್ ಇದ್ದರೂ ಬೇಸ್ ಸತ್ತರೆ ಡಯಲ್ ಟೋನ್ ಇಲ್ಲ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋಗುವುದೂ ಡಾಕ್ಟರಿಗೆ ಫೋನು ಮಾಡಬೇಕಾಗುವುದೂ ಒಂದೇ ರಾತ್ರಿ ಬರುತ್ತವೆ.

ನಿಮ್ಮದು ಫೈಬರ್ ಆದ್ದರಿಂದ ಇನ್ನೊಂದು ಹೆಜ್ಜೆ ಹೆಚ್ಚು. ಗಾಜಿನೆಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಆ ಪೆಟ್ಟಿಗೆಗೇ ಕರೆಂಟು ಇಲ್ಲದಿದ್ದರೆ ಹಳೇ ಫೋನೂ ಮೂಕ. ಪೆಟ್ಟಿಗೆಗಳಲ್ಲಿ ಹೆಚ್ಚಿನವು 12 ವೋಲ್ಟಿನವು, ಅದಕ್ಕೆಂದೇ ಅಂಗೈಯಗಲದ ಪುಟ್ಟ ಯುಪಿಎಸ್ ಸಿಗುತ್ತದೆ. ನಿಮ್ಮ ಪೆಟ್ಟಿಗೆಯ ವೋಲ್ಟ್ ನೋಡಿಕೊಂಡು ಅದನ್ನೊಂದು ತನ್ನಿ. ಫೋನಿನ ತೂತು ಒಂದೇ ಇದ್ದರೆ ಒಂದನ್ನು ಎರಡು ಮಾಡುವ ಸಾಕೆಟ್ ಹಾಕಿ, ಒಂದು ಕವಲು ಕಾರ್ಡ್‌ಲೆಸ್‌ಗೆ, ಇನ್ನೊಂದು ಹಳೇ ಸೆಟ್ಟಿಗೆ. ಏಪ್ರಿಲ್–ಮೇ ತಿಂಗಳ ಗುಡುಗು ಕೇಳಿದೊಡನೆ ಬೇಸಿನ ಅಡಾಪ್ಟರ್, ಪೆಟ್ಟಿಗೆಯ ಅಡಾಪ್ಟರ್ ಎರಡನ್ನೂ ಕಿತ್ತಿಡಿ. ಗಾಜಿಗೆ ಸಿಡಿಲು ಹಿಡಿಯದು ನಿಜ. ಆದರೆ ಕರೆಂಟಿನ ತಂತಿಯಲ್ಲಿ ಬರುತ್ತದೆ. ಕೆಲವು ಫೈಬರ್ ಕೇಬಲ್ಲಿಗೆ ಆಸರೆಯಾಗಿ ಉಕ್ಕಿನ ತಂತಿಯೂ ಇರುತ್ತದೆ, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಲೈನ್‌ಮನ್‌ಗೆ ಹೇಳಿ.

ಎಲ್ಲ ಜೋಡಿಸಿ ಆದ ಮೇಲೆ ಮೇನ್ ಸ್ವಿಚ್ ಇಳಿಸಿ, ನನಗೊಂದು ಕೂಗು ಹಾಕಿ. ನಾನು ಈಚೆಯಿಂದ ನಿಮ್ಮ ನಂಬರಿಗೆ ರಿಂಗು ಕೊಡುತ್ತೇನೆ. ಕತ್ತಲಲ್ಲಿ ಹಳೇ ಫೋನು ಹೊಡೆದು, ಅಮ್ಮ ಎತ್ತಿಕೊಂಡು ಮಾತಾಡಿದರೆ ಮಾತ್ರ ಕೆಲಸ ಸರಿಯಾಯಿತು ಅಂತ ತಿಳಿಯಿರಿ.